ಕರೆಂಟು ಹೋದರೂ ನಿಲ್ಲದ ಚಾನೆಲ್: ಮಳೆನಾಡಿನಲ್ಲಿ ಕೂತು ವಿಡಿಯೊ ಮಾಡುವವರಿಗೆ

ಶೃಂಗೇರಿಯಿಂದ ಹತ್ತು ಕಿಲೋಮೀಟರ್ ಆಸುಪಾಸಿನ ಕಿಗ್ಗಕ್ಕೆ, ಮಳೆ ಕೊಡು ಎಂದು ಋಷ್ಯಶೃಂಗೇಶ್ವರನನ್ನು ಬೇಡಿಕೊಳ್ಳಲು ಬಯಲುಸೀಮೆಯವರು ಬರುತ್ತಾರೆ. ಊರಿನವರ ಚಿಂತೆ ಬೇರೆ. ಗಾಳಿಗೆ ಮರ ಬಿದ್ದು ಲೈನು ಹೋಗುತ್ತದೆ, ಅದರ ಬೆನ್ನಿಗೇ ಮೊಬೈಲ್ ಟವರೂ ಸುಮ್ಮನಾಗುತ್ತದೆ. ಇಲ್ಲಿ ಕೂತು ಅಡುಗೆಯದೋ ತೋಟದ್ದೋ ಯೂಟ್ಯೂಬ್ ಚಾನೆಲ್ ನಡೆಸುವವರಿಗೆ ‘ದಿನಕ್ಕೊಂದು ಹಾಕಿ’ ಎಂಬ ಪೇಟೆಯ ಸಲಹೆ ಒಗ್ಗುವುದಿಲ್ಲ. ಯಾವ ಕೆಲಸಕ್ಕೆ ಬಿಸಿಲು ಬೇಕು, ಯಾವುದಕ್ಕೆ ಕರೆಂಟು ಬೇಕು, ಯಾವುದಕ್ಕೆ ನೆಟ್‌ವರ್ಕ್ ಬೇಕು ಎಂದು ವಿಂಗಡಿಸಿಕೊಳ್ಳಬೇಕು.

ಮೊದಲು ಕ್ಯಾಲೆಂಡರ್ ಹರಡಿ ಕೂತುಕೊಳ್ಳಿ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಬೇಸಿಗೆಯವು. ಕಳಲೆ, ಪತ್ರೊಡೆ ಮಳೆಗಾಲದವು. ಅಡುಗೆಯಲ್ಲಿ ಹೀಗೆ ಕಾಲ ನೋಡಿ ಹಂಚಿಕೊಳ್ಳುವುದು ಸುಲಭ. ತೋಟದ ವಿಷಯದಲ್ಲಿ ಒಂದು ತೊಡಕಿದೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಹೇಗೆ ಎಂಬ ವಿಡಿಯೊ ಜನರಿಗೆ ಬೇಕಾಗುವುದು ಔಷಧಿ ಹೊಡೆಯುವ ಮೊದಲು, ಅಂದರೆ ಮೇ ತಿಂಗಳಲ್ಲಿ. ಚಿತ್ರೀಕರಿಸಲು ಸಾಧ್ಯವಾಗುವುದು ಹೊಡೆಯುವ ದಿನವೇ. ಹಾಗಾಗಿ ಮೊದಲ ಸಲದ್ದನ್ನು ಚಿತ್ರೀಕರಿಸಿ, 40–45 ದಿನ ಬಿಟ್ಟು ಬರುವ ಎರಡನೇ ಸಿಂಪಡಣೆಗೆ ಮುಂಚೆ ಹಾಕಿ. ಪೂರ್ತಿ ಪಾಠವನ್ನು ಮುಂದಿನ ಮೇಗೆ ಎತ್ತಿಡಿ. ಒಂದು ಕೆಲಸದಿಂದ ಎರಡು ವಿಡಿಯೊ.

ಚಿತ್ರೀಕರಣದ ದಿನ ಏನೇನು ತೆಗೆಯಬೇಕೆಂದು ಚೀಟಿಯಲ್ಲಿ ಬರೆದುಕೊಂಡೇ ಇಳಿಯಿರಿ. ಬೋರ್ಡೋಗೆ ನನ್ನ ಚೀಟಿ ಹೀಗಿರುತ್ತದೆ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನ ಹೊಯ್ಯುತ್ತ ಕಲಕುವ ಕೈ, ಹೊಳೆಯುವ ಚಾಕು ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ಕೂತಿದೆಯೋ ಇಲ್ಲವೋ. ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಈ ಚಾಕನ್ನು ಹತ್ತಿರದಿಂದ, ಅಲುಗಾಡದಂತೆ ತೆಗೆಯಿರಿ. ನೋಡುವವರಿಗೆ ನಿಜವಾಗಿ ಬೇಕಿರುವುದು ಇದೇ. ಡ್ರೋನ್ ದೃಶ್ಯ ಅಲ್ಲ.



ಮನೆಗೆ ಬಂದ ಕೂಡಲೇ, ಸ್ನಾನಕ್ಕೂ ಮುಂಚೆ, ಕಡತಗಳಿಗೆ ಹೆಸರು ಕೊಡಿ. ವರ್ಷ, ತಿಂಗಳು, ದಿನ, ವಿಷಯ ಎಂಬ ಕ್ರಮದಲ್ಲಿ ಬರೆದರೆ ಅವು ತಾವೇ ಸಾಲಾಗಿ ನಿಲ್ಲುತ್ತವೆ. ಒಂದು ಪ್ರತಿ ಫೋನಿನಲ್ಲಿ, ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ. ಡಿಸ್ಕನ್ನೂ ಕ್ಯಾಮೆರಾವನ್ನೂ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ. ಆಷಾಢದ ತೇವಕ್ಕೆ ಲೆನ್ಸೂ ಬೂಷ್ಟು ಹಿಡಿಯುತ್ತದೆ.

ಧ್ವನಿಯನ್ನು ಚಿತ್ರದ ಜೊತೆಗೇ ಹಿಡಿಯಲು ಹೋಗಬೇಡಿ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಪಕ್ಕದವರ ಮಾತೇ ಕೇಳುವುದಿಲ್ಲ. ಬೆಳಗ್ಗೆ ಮಳೆ ಹೊಳವಾದ ಹೊತ್ತು ನೋಡಿ, ಗೋಣಿಚೀಲ ಒಟ್ಟಿದ ಒಳಕೋಣೆಯಲ್ಲಿ ಕೂತು ಎರಡು ಮೂರು ವಿಡಿಯೊಗಳ ಮಾತನ್ನು ಒಟ್ಟಿಗೆ ಮುಗಿಸಿಬಿಡಿ. ಚೀಲಗಳು ಪ್ರತಿಧ್ವನಿಯನ್ನು ನುಂಗುತ್ತವೆ.

ಎಡಿಟಿಂಗ್‌ಗೆ ನೆಟ್‌ವರ್ಕ್ ಬೇಡ, ಚಾರ್ಜ್ ಸಾಕು. ಸುರಿಯುವ ಮಧ್ಯಾಹ್ನಗಳನ್ನು ಅದಕ್ಕೇ ಬಿಡಿ. ವಿವರಣೆಯ ಸಾಲುಗಳನ್ನು ಕೀಲಿಮಣೆಯ ಕನ್ನಡ ಧ್ವನಿ ಟೈಪಿಂಗ್‌ನಲ್ಲಿ ಹೇಳಿ ಬರೆಸಿ, ತಪ್ಪು ತಿದ್ದಿ ಮೊದಲೇ ಇಟ್ಟುಕೊಂಡಿರಿ.

ಅಪ್‌ಲೋಡಿಗೆ ಮೊದಲು ಸ್ವಲ್ಪ ಲೆಕ್ಕ. ಎಂಟು ನಿಮಿಷದ ವಿಡಿಯೊವನ್ನು 1080ಪಿ ಗುಣಮಟ್ಟದಲ್ಲಿ, ಸೆಕೆಂಡಿಗೆ 8 ಮೆಗಾಬಿಟ್‌ನಂತೆ ತೆಗೆದರೆ ಸುಮಾರು 480 ಎಂಬಿ. ಸೆಕೆಂಡಿಗೆ 2 ಮೆಗಾಬಿಟ್ ವೇಗ ಸಿಕ್ಕರೆ ಅರ್ಧ ಗಂಟೆ ದಾಟುತ್ತದೆ. ಅದೇ 720ಪಿಯಲ್ಲಿ 5 ಮೆಗಾಬಿಟ್‌ಗೆ ಇಳಿಸಿದರೆ 300 ಎಂಬಿ, ಇಪ್ಪತ್ತು ನಿಮಿಷ. ಫೋನಿನಲ್ಲಿ ನೋಡುವವರಿಗೆ ವ್ಯತ್ಯಾಸ ತಿಳಿಯುವುದು ಕಡಿಮೆ; ಮಳೆಗಾಲದಲ್ಲಿ 720ಪಿ ಸಾಕು ಎಂಬುದು ನನ್ನ ಅಭಿಪ್ರಾಯ. ಬಳಕೆ ಕಡಿಮೆಯಿರುವ ರಾತ್ರಿ ಹತ್ತರ ಮೇಲೆ ಏರಿಸಿ. ಶೃಂಗೇರಿಗೆ ಹೋಗುವ ಕೆಲಸವಿದ್ದರೆ ತಯಾರಾದ ಎಲ್ಲವನ್ನೂ ಒಯ್ದು ಅಲ್ಲಿಂದಲೇ ಒಂದೇ ಸಲಕ್ಕೆ ಏರಿಸಬಹುದು.

ಏರಿಸಿದ್ದನ್ನು ಅಂದೇ ಬಿಡುಗಡೆ ಮಾಡಬೇಡಿ. ಯೂಟ್ಯೂಬ್ ಸ್ಟುಡಿಯೊದಲ್ಲಿ ದಿನ, ಹೊತ್ತು ನಿಗದಿ ಮಾಡಿದರೆ ನಿಮ್ಮ ಮನೆಯಲ್ಲಿ ಕರೆಂಟು ಇರಲಿ ಬಿಡಲಿ, ಅದು ಆ ಹೊತ್ತಿಗೆ ಹೊರಬೀಳುತ್ತದೆ. ಮಳೆಗಾಲಕ್ಕೆ ಕಟ್ಟಿಗೆ ಕೂಡಿಡುವ ಹಾಗೆ ಮೇ ಕೊನೆಯೊಳಗೆ ವಾರಕ್ಕೊಂದರಂತೆ ಎಂಟು ವಿಡಿಯೊ ಸರದಿಯಲ್ಲಿರಲಿ. ಸರದಿ ಮೂರಕ್ಕೆ ಇಳಿದರೆ ಹೊಸ ಚಿತ್ರೀಕರಣ ನಿಲ್ಲಿಸಿ, ಅರ್ಧಕ್ಕೆ ಬಿಟ್ಟ ಹಳೆಯದನ್ನು ಮೊದಲು ಮುಗಿಸಿ.