ಸೊನ್ನಲಿಗೆಯ ಕೆರೆಯೂ ಒಬ್ಬ ಶಿಲ್ಪವಿದ್ಯಾರ್ಥಿಯ ಪ್ರಶ್ನೆಯೂ

ವಚನಗಳನ್ನು ಶ್ರದ್ಧೆಯಿಂದ ಓದುವವರು ಒಂದಿಲ್ಲೊಂದು ದಿನ ಎದುರಿಸಲೇಬೇಕಾದ ಪ್ರಶ್ನೆಯೊಂದನ್ನು ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ನನ್ನ ಮುಂದಿಟ್ಟನು. ಕುದೇರಿನ ಬಳಿಯ ಒಕ್ಕಲು ಮನೆತನದ ಹುಡುಗ. ಮೈಸೂರಿನಲ್ಲಿ ವಾಸ್ತುಶಿಲ್ಪದ ಐದು ವರ್ಷಗಳ ವ್ಯಾಸಂಗದಲ್ಲಿ ನಾಲ್ಕನ್ನು ಮುಗಿಸಿದ್ದವನು. ರಜೆಯಲ್ಲಿ ಊರಿಗೆ ಬಂದವನು ಸಂಜೆಯ ಪಾಠ ಮುಗಿಯುವವರೆಗೆ ಕಾದು ಕುಳಿತು ಹೀಗೆಂದನು: “ಗುರುಗಳೇ, ಕಟ್ಟಿದ್ದೆಲ್ಲ ಬೀಳುವುದೆಂದು ಚಿಕ್ಕಂದಿನಲ್ಲಿ ತಾವೇ ನಮಗೆ ಕಲಿಸಿದಿರಿ. ನಾನು ಕಲಿಯುತ್ತಿರುವುದು ಕಟ್ಟುವ ವಿದ್ಯೆ. ಹಾಗಾದರೆ ಬೀಳುವುದರ ಚಾಕರಿಯಲ್ಲಿ ನನ್ನ ಬಾಳು ಕಳೆಯಬೇಕೆ?”

ಇದು ಕುಚೋದ್ಯದ ಮಾತಾಗಿರಲಿಲ್ಲ. ಓದನ್ನು ಅಲ್ಲಿಗೇ ಬಿಡುವ ಯೋಚನೆ ಅವನಲ್ಲಿ ಮೂಡಿತ್ತು. ಯಾವ ಕಾಯಕವೂ ಕೀಳಲ್ಲವೆಂದು ನಾನು ಆ ಕ್ಷಣಕ್ಕೆ ಹೇಳಿ ಕಳುಹಿಸಿದೆನು. ಅವನು ನಮಸ್ಕರಿಸಿ ಹೋದನು. ಆದರೆ ಆ ಉತ್ತರ ನನಗೇ ರುಚಿಸಲಿಲ್ಲ. ಆ ರಾತ್ರಿ ಸಿದ್ಧರಾಮೇಶ್ವರರ ಚರಿತ್ರೆಯನ್ನು ಮತ್ತೊಮ್ಮೆ ತೆರೆದೆನು. ಮರುದಿನ ಅವನನ್ನು ಕರೆಸಿ ಹೇಳಿದುದನ್ನೇ ವಾಚಕರ ಮುಂದೆಯೂ ಇಡುತ್ತಿದ್ದೇನೆ.

ಮೊದಲಿಗೆ ಬಸವಣ್ಣನವರ ಮಾತು. ಸ್ಥಾವರ ಜಂಗಮಗಳ ತಾರತಮ್ಯವನ್ನು ಹೇಳುವ ಅವರ ಪ್ರಸಿದ್ಧ ವಚನವು ಶಿಲ್ಪಿಯನ್ನು ಹಳಿಯುವುದೆಂದು ಹಲವರು ತಿಳಿದಿದ್ದಾರೆ. ಅಲ್ಲಿ ಹಳಿಯಲ್ಪಟ್ಟಿರುವುದು ಧನದ ಗರ್ವವೇ ಹೊರತು ಕೈಯ ಕೆಲಸವಲ್ಲ. ಶರೀರದ ಮಹಿಮೆಯನ್ನು ವರ್ಣಿಸಲು ಅವರು ಆಶ್ರಯಿಸಿದ್ದು ಶಿಲ್ಪಿಯ ಪರಿಭಾಷೆಯನ್ನೇ ಎಂಬುದನ್ನು ಗಮನಿಸಬೇಕು. ಭಾರ ಹೊರುವುದು ಯಾವುದು, ಒಳಗಿರುವುದು ಯಾವುದು, ತುದಿಯಲ್ಲಿ ಬೆಳಗುವುದು ಯಾವುದು ಎಂಬ ಕ್ರಮವನ್ನರಿಯದವನಿಗೆ ಆ ಉಪಮೆ ಹೊಳೆಯುತ್ತಿರಲಿಲ್ಲ. ಶರಣರ ಗೋಷ್ಠಿಯಲ್ಲಿ ಬಾಚಿಕಾಯಕದ ಬಸವಯ್ಯನಂತಹ ಬಡಗಿಯೂ ಮೇದರ ಕೇತಯ್ಯನಂತಹ ಬಿದಿರಿನ ಕೆಲಸಗಾರನೂ ಇದ್ದರೆಂಬುದು ಸುವಿದಿತವೇ ಆಗಿದೆ.

ಇನ್ನು ಸಿದ್ಧರಾಮರ ವಿಚಾರ. ಕಟ್ಟುವ ಕನಸು ಹೊತ್ತ ತರುಣನ ಚರಿತ್ರೆ ನಮ್ಮ ಪರಂಪರೆಯಲ್ಲಿ ಇದಕ್ಕಿಂತ ಮಿಗಿಲಾದುದು ಇನ್ನೊಂದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಎಂದರೆ ಇಂದು ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರದಲ್ಲಿ, ಮುದ್ದಗೌಡ ಸುಗ್ಗವ್ವೆಯರ ಮಗನಾಗಿ ಹುಟ್ಟಿದ ಈ ಬಾಲಕನು ಮಾತು ಕಡಿಮೆಯವನು, ಮಂದನೆಂದು ಊರವರಿಂದ ಎಣಿಸಲ್ಪಟ್ಟವನು. ಹೊಲದಲ್ಲಿದ್ದಾಗ ಮಲ್ಲಯ್ಯನೆಂಬ ಜಂಗಮನು ಬಂದು ಹಸಿವೆಂದನು. ಹುಡುಗನು ಮನೆಗೆ ಓಡಿ ಬುತ್ತಿ ತರುವಷ್ಟರಲ್ಲಿ ಆತನು ಅಲ್ಲಿರಲಿಲ್ಲ. ಹೆಸರು ಕೂಗುತ್ತಾ ಶ್ರೀಶೈಲದವರೆಗೂ ಹೋಗಿ, ಅಲ್ಲಿಯೂ ಕಾಣದೆ ಕಮರಿಗೆ ಹಾರಹೊರಟಾಗ ಮಲ್ಲಿನಾಥನು ಕೈಹಿಡಿದು ನಿಲ್ಲಿಸಿ, ಊರಿಗೆ ಮರಳಿ ಅದನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡೆಂದನಂತೆ. ಕಥೆಯನ್ನು ಭಕ್ತಿಯಿಂದ ಕೇಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಈ ತರುಣನ ನಿರ್ಮಾಣಗಳಿಗೆಲ್ಲ ಮೂಲವಾದುದು ರಾಜಾಜ್ಞೆಯಲ್ಲ, ಕೀರ್ತಿಕಾಮನೆಯೂ ಅಲ್ಲ. ಹಸಿದು ಬಂದವನಿಗೆ ಹೊತ್ತಿಗೆ ಸರಿಯಾಗಿ ಉಣ್ಣಿಸಲಾಗಲಿಲ್ಲವೆಂಬ ಕೊರಗು.

ಮರಳಿ ಬಂದವನು ಗುಡಿ ಕಟ್ಟಿದನು, ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದನು, ಕೆರೆ ತೋಡಿಸಿದನು. ಸಂಸ್ಕೃತದಲ್ಲಿ ಇದಕ್ಕೆ ‘ಪೂರ್ತ’ವೆಂದು ಹೆಸರು. ಯಜ್ಞಾದಿಗಳು ಇಷ್ಟ, ಬಾವಿ, ಕೆರೆ, ದೇವಾಲಯ, ತೋಪು, ಅನ್ನದಾನ ಇವು ಪೂರ್ತ. ಇವೆರಡು ಸೇರಿ ಇಷ್ಟಾಪೂರ್ತ. ಹದಿಮೂರನೆಯ ಶತಮಾನದ ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಈ ಲೋಕೋಪಕಾರವನ್ನು ಮನದಣಿಯೆ ಹಾಡಿದ್ದಾನೆ.

ಶೂನ್ಯಸಂಪಾದನೆಯಲ್ಲಿ ಮಾತ್ರ ಅದೇ ಕೆರೆಯ ದಂಡೆಗೆ ಅಲ್ಲಮಪ್ರಭುಗಳು ಬಂದು ನಿಲ್ಲುತ್ತಾರೆ. ಮಣ್ಣು ಅಗೆಯುತ್ತಿದ್ದವರನ್ನು ಕುರಿತು, ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳುತ್ತಾರೆ. ಕೆಲಸಗಾರರು ಕೆರಳಿ ಕಲ್ಲೆಸೆದರು. ಕಲ್ಲು ಪ್ರಭುವನ್ನು ಮುಟ್ಟಲಿಲ್ಲ. ಸಿದ್ಧರಾಮರೂ ಕೋಪದಿಂದ ಬಂದರು. ಆ ಕೋಪಾಗ್ನಿಯೂ ಅಲ್ಲಿ ನಿಷ್ಫಲವಾಯಿತು. ನನ್ನ ಅಲ್ಪಮತಿಗೆ ತೋರುವಂತೆ ಪ್ರಭುಗಳ ಪರೀಕ್ಷೆಯೆಲ್ಲ ಆ ಒಂದು ಹೆಸರಿನಲ್ಲೇ ಇದ್ದಿತು. ಕಲ್ಲು ಮಣ್ಣಿನ ಕೆಲಸ ನಿಜವಾಗಿಯೂ ಶಿವನ ಕೆಲಸವಾಗಿದ್ದರೆ ಆ ಹೆಸರು ಚುಚ್ಚಬೇಕಾಗಿರಲಿಲ್ಲ. ಚುಚ್ಚಿತೆಂದಮೇಲೆ, ಇದನ್ನು ಮಾಡಿಸುತ್ತಿರುವ ಮಹಾತ್ಮನು ನಾನು ಎಂಬುದೊಂದು ಎಲ್ಲಿಯೋ ಉಳಿದಿತ್ತು. ಇಂದು ಕಲ್ಲು ಮಣ್ಣಿನ ಕಾಯಕದ ಭೋವಿ ಸಮಾಜದವರು ಸಿದ್ಧರಾಮೇಶ್ವರರನ್ನು ತಮ್ಮ ಗುರುವೆಂದು ಪೂಜಿಸುತ್ತಾರೆ. ಅಂದು ನಿಂದೆಯಾಗಿ ಕೇಳಿಸಿದ್ದು ಹೀಗೆ ಗೌರವವಾಗಿ ಪರಿಣಮಿಸಿದೆ.

ಇಲ್ಲಿ ನನ್ನ ವಿದ್ಯಾರ್ಥಿ ನಡುವೆ ಬಾಯಿಹಾಕಿ, “ಹಾಗಾದರೆ ಪ್ರಭುಗಳು ಕೆರೆಯನ್ನು ಮುಚ್ಚಿಸಿದರೆ?” ಎಂದನು. ನಾನು ಬಯಸಿದ್ದ ಪ್ರಶ್ನೆಯೇ ಅದು. ಮುಚ್ಚಿಸಲಿಲ್ಲ. ಸಿದ್ಧರಾಮರು ಪ್ರಭುಗಳೊಡನೆ ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು; ಕಡೆಗೆ ಸೊನ್ನಲಿಗೆಗೇ ಹಿಂದಿರುಗಿ ಅಲ್ಲಿಯೇ ಸಮಾಧಿಸ್ಥರಾದರು. ಆ ಕೆರೆ ಇಂದಿಗೂ ಇದೆ, ನೀರ ನಡುವೆ ಗುಡಿ ಇದೆ, ಸಂಕ್ರಾಂತಿಯಲ್ಲಿ ಜಾತ್ರೆ ನಡೆಯುತ್ತದೆ. ಪ್ರಭುಗಳು ತೆಗೆದುಹಾಕಿದ್ದು ಕೆರೆಯನ್ನಲ್ಲ, ಕೆರೆ ನನ್ನದೆಂಬ ಭಾವವನ್ನು.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ನಮ್ಮ ಸೀಮೆಗೆ ದೂರವಲ್ಲದ ಸೋಮನಾಥಪುರದ ಕೇಶವಾಲಯವು 1258ರಲ್ಲಿ ಪ್ರತಿಷ್ಠಿತವಾದುದು. ಅಲ್ಲಿನ ವಿಗ್ರಹಗಳ ಕೆಳಗೆ ರೂವಾರಿ ಮಲ್ಲಿತಮ್ಮನ ಹೆಸರು ಹಲವು ಕಡೆ ಕೊರೆಯಲ್ಪಟ್ಟಿದೆ. 1196ರಲ್ಲಿ ಕಟ್ಟಿದ ಅಮೃತಾಪುರದ ಅಮೃತೇಶ್ವರಾಲಯದಲ್ಲಿಯೂ ಆ ಹೆಸರುಂಟು. ವಿದ್ವಾಂಸರು ಹೇಳುವಂತೆ ಇಬ್ಬರೂ ಒಬ್ಬನೇ ಆಗಿದ್ದರೆ, ಹರೆಯದಲ್ಲಿ ಉಳಿ ಹಿಡಿದವನು ಅರುವತ್ತೆರಡು ವರ್ಷ ಕಳೆದ ಮೇಲೂ ಅದನ್ನು ಕೆಳಗಿಡಲಿಲ್ಲವೆಂದಾಯಿತು! ವಚನಕಾರರೂ ತಮ್ಮ ಕೃತಿಗೆ ಅಂಕಿತವಿಟ್ಟರು. ಆದರೆ ಇಟ್ಟದ್ದು ಇಷ್ಟದೈವದ ಹೆಸರನ್ನು. ಸಿದ್ಧರಾಮರ ಅಂಕಿತ ‘ಕಪಿಲಸಿದ್ಧ ಮಲ್ಲಿಕಾರ್ಜುನ’. ಹಾಗೆಂದು ನಾನು ಮಲ್ಲಿತಮ್ಮನನ್ನು ಹಳಿಯಲಾರೆ. ಈ ಕಲ್ಲಿನಲ್ಲಿ ತಪ್ಪಿದ್ದರೆ ಅದು ನನ್ನ ತಪ್ಪು ಎಂದು ಒಪ್ಪಿಕೊಳ್ಳುವ ಧೈರ್ಯವೂ ಆ ಹೆಸರಿನಲ್ಲಿದೆ. ಈಗ ಕಟ್ಟಡ ಕುಸಿದಾಗ ನಕ್ಷೆ ಬರೆದವರು ಯಾರೆಂದು ಹುಡುಕಬೇಕಾಗುತ್ತದೆ.

ಇಷ್ಟಾದ ಮೇಲೆ ಹುಡುಗನು ಚೀಲದಿಂದ ತನ್ನ ನಕ್ಷೆಗಳನ್ನು ತೆಗೆದು ತೋರಿಸಿದನು. ಕೂಲಿಯವರಿಗೆ ಕಡಿಮೆ ಖರ್ಚಿನಲ್ಲಿ ತಂಪಾದ ಮನೆಗಳನ್ನು ಕಟ್ಟಬೇಕೆಂಬುದು ಅವನ ಕನಸು. ನಮ್ಮ ಚಾಮರಾಜನಗರದ ಕರಿಕಲ್ಲು ಹೊರದೇಶಗಳಿಗೆ ಹೋಗಿ ಹೊಳಪಾಗುತ್ತಿರುವಾಗ ಅದನ್ನು ಒಡೆಯುವವನ ಮನೆಗೆ ತಗಡಿನ ಮಾಡೇ ಗತಿಯೆಂದು ನೊಂದು ನುಡಿದನು. ಮಣ್ಣಿನ ಗೋಡೆ, ಹೆಂಚು, ನಡುವೆ ತೊಟ್ಟಿ, ಗಾಳಿಯ ದಾರಿ, ಎಲ್ಲವೂ ಚೆನ್ನಾಗಿಯೇ ಇದ್ದವು. ರೇಖಾಶಾಸ್ತ್ರದಲ್ಲಿ ನನಗೆ ಗತಿಯಿಲ್ಲ. ಆದುದರಿಂದ ನನಗೆ ತಿಳಿದ ಒಂದೇ ಪ್ರಶ್ನೆಯನ್ನು ಕೇಳಿದೆನು. “ಹೇಳದೆ ಕೇಳದೆ ಬಂದವನು ಎಲ್ಲಿ ಕುಳಿತುಕೊಳ್ಳಬೇಕಪ್ಪ?”

ಅವನು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದನು. ಬಾಗಿಲಿನ ಮುಂದೆ ನೇರವಾಗಿ ಬೀದಿಯಿತ್ತು. ನಮ್ಮ ಹಿರಿಯರ ಮನೆಗಳಲ್ಲಿ ಜಗಲಿಯೊಂದಿರುತ್ತಿತ್ತು. ದಾರಿಹೋಕನು, ಜಂಗಮನು, ದಣಿದ ನೆರೆಯವನು ಯಾರ ಅಪ್ಪಣೆಯನ್ನೂ ಕೇಳದೆ ಅಲ್ಲಿ ಕೂರುತ್ತಿದ್ದರು. ಒಳಗಿನಿಂದ ನೀರು ಬರುತ್ತಿತ್ತು. ಅದರ ಮೇಲೂ ಎಲ್ಲರಿಗೂ ಸಮಾನವಾದ ಎಡೆ ಇರುತ್ತಿರಲಿಲ್ಲವೆಂಬುದನ್ನು ಮುಚ್ಚಿಡಲಾಗದು. ಶರಣರು ತಿದ್ದಹೊರಟದ್ದು ಅದನ್ನೇ. ಆದರೂ ಸ್ಥಾವರವೊಂದು ಜಂಗಮಕ್ಕಾಗಿ ತಾನೇ ತೆರವಾಗುವ ಜಾಗವೆಂದರೆ ಅದು. ಸಿದ್ಧರಾಮರ ಮಲ್ಲಯ್ಯನು ಹಸಿದು ಬಂದದ್ದೂ ಹಾಗೆಯೇ, ಹೇಳದೆ ಕೇಳದೆ.

ವಿದ್ಯಾರ್ಥಿಯು ವ್ಯಾಸಂಗವನ್ನು ಬಿಡಲಿಲ್ಲ. ಈ ವರ್ಷ ಮೊದಲ ಮನೆಯ ಕೆಲಸ ಅವನ ಕೈಗೆ ಬಂದಿದೆ. ನಕ್ಷೆಯಲ್ಲಿ ಮೂರಡಿ ಅಗಲದ ಜಗಲಿಯನ್ನು ಬರೆದಿದ್ದಾನೆ. ಆ ಸ್ಥಳ ಕಾರು ನಿಲ್ಲಿಸಲು ಬೇಕೆಂದು ಮನೆಯ ಯಜಮಾನರು ಪಟ್ಟು ಹಿಡಿದಿರುವುದಾಗಿ ಕಳೆದ ವಾರ ಕಾಗದ ಬರೆದಿದ್ದನು. ಮಾತುಕತೆ ಇನ್ನೂ ಮುಗಿದಿಲ್ಲವಂತೆ.