ಕಾಲೇಜು ಲ್ಯಾಬ್‌ನಲ್ಲೇ ಮೊದಲ ಸಿಟಿಎಫ್: ಹಂತ ಹಂತವಾಗಿ

ಬೀದರ್‌ನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿರಲಿ, ಭಾಲ್ಕಿಯ ಬಿಕೆಐಟಿ ಇರಲಿ, ಔರಾದ್‌ನ ಪದವಿ ಕಾಲೇಜಿರಲಿ, ಒಂದು ಲ್ಯಾಬ್ ಇದ್ದರೆ ‘ಕ್ಯಾಪ್ಚರ್ ದಿ ಫ್ಲಾಗ್’ (ಸಿಟಿಎಫ್) ಎಂಬ ಹ್ಯಾಕಿಂಗ್ ಆಟ ನಡೆಸಬಹುದು. ಬಚ್ಚಿಟ್ಟ ಪದವೇ ಫ್ಲಾಗ್; ಹುಡುಕಿ ಒಪ್ಪಿಸಿದವರಿಗೆ ಅಂಕ. ನಿಮಗೆ ಹ್ಯಾಕಿಂಗ್ ಬಾರದೇ? ಭಯಪಡಬೇಡಿ.

1. ಒಂದು ಕಂಪ್ಯೂಟರನ್ನು ಸರ್ವರ್ ಮಾಡಿ. ಅದಕ್ಕೆ ಡಾಕರ್ ಹಾಕಿ, ಆಟ ನಡೆಸುವ ಸಿಟಿಎಫ್‌ಡಿ ಎಂಬ ಉಚಿತ ಸಾಫ್ಟ್‌ವೇರ್ ಇಳಿಸಿಕೊಂಡು ಚಾಲೂ ಮಾಡಿ. ಹಿಂದಿನ ದಿನವೇ ಮುಗಿಸಿ. ಮರುದಿನ ಇಂಟರ್ನೆಟ್ ಕೈಕೊಟ್ಟರೂ ಲ್ಯಾಬ್‌ನ ಲ್ಯಾನ್ ಸಾಕು.

2. ಬ್ರೌಸರ್‌ನಲ್ಲಿ ಸರ್ವರ್‌ನ ಐಪಿ ವಿಳಾಸ, ಕೋಲನ್, 8000 ಎಂದು ಟೈಪ್ ಮಾಡಿ. ಅಡ್ಮಿನ್ ಹೆಸರು, ಪಾಸ್‌ವರ್ಡ್ ಕೊಡಿ. ಆ ಪಾಸ್‌ವರ್ಡನ್ನು ಬೋರ್ಡಿನ ಮೇಲೆ ಬರೆದಿಡಬೇಡಿ. ಮೊದಲ ಫ್ಲಾಗ್ ಅದೇ ಆದೀತು!

3. ಸುಲಭದ ಪ್ರಶ್ನೆ ಹಾಕಿ. ಬೀದರ್‌ನ ಇಂಗ್ಲಿಷ್ ಸ್ಪೆಲಿಂಗ್ ಬಿ, ಐ, ಡಿ, ಎ, ಆರ್. ಪ್ರತಿ ಅಕ್ಷರವನ್ನೂ ಮೂರು ಮನೆ ಮುಂದಕ್ಕೆ ಸರಿಸಿ: ಇ, ಎಲ್, ಜಿ, ಡಿ, ಯು. ಇದು ಸೀಸರ್ ಸೈಫರ್; ಮಕ್ಕಳು ಹಿಮ್ಮುಖವಾಗಿ ಬಿಡಿಸಿದರೆ ಸಿಗುವ ಮೂಲ ಪದವೇ ಫ್ಲಾಗ್. ಫ್ಲಾಗ್ ಸೇರಿಸುವಾಗ ‘ಕೇಸ್ ಇನ್‌ಸೆನ್ಸಿಟಿವ್’ ಆರಿಸಿ. ಇಲ್ಲವಾದರೆ ಸರಿಯುತ್ತರ ಬರೆದ ಮಕ್ಕಳೂ ಕ್ಯಾಪಿಟಲ್ ಅಕ್ಷರದಲ್ಲಿ ಎಡವುತ್ತಾರೆ.

4. ಎರಡನೆಯದು ಫೋಟೊ. 1472ರ ಮಹಮೂದ್ ಗವಾನ್ ಮದರಸಾದ ಚಿತ್ರ ತೆಗೆಯಿರಿ. ವಿಂಡೋಸ್‌ನಲ್ಲಿ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್. ಅಲ್ಲಿನ ಕಾಮೆಂಟ್ಸ್ ಜಾಗದಲ್ಲಿ ಫ್ಲಾಗ್ ಬರೆದು ಉಳಿಸಿ. ಎಚ್ಚರ: ಫೋಟೊವನ್ನು ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತದೆ. ನೇರ ಸಿಟಿಎಫ್‌ಡಿಗೇ ಏರಿಸಿ.

5. ಆಟಕ್ಕೆ ಮುಂಚೆ ನಿಯಮ ಓದಿ ಹೇಳಿ: ನಾವು ಕೊಟ್ಟ ಪ್ರಶ್ನೆ, ಫೈಲ್‌ಗಳನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟುವಂತಿಲ್ಲ, ಕಾಲೇಜಿನ ವೈಫೈ ಕೂಡ. ಅನುಮತಿಯಿಲ್ಲದೆ ವಂಚನೆಯಿಂದ ಮುಟ್ಟಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

6. ಮೂವರ ತಂಡ ಮಾಡಿ, ಸೀನಿಯರ್‌ಗಳನ್ನು ಹಂಚಿ. ತಂಡ ಕಟ್ಟುವುದನ್ನು ಅವರಿಗೇ ಬಿಟ್ಟರೆ ಜಾಣರೆಲ್ಲ ಒಂದೇ ಕಡೆ ಕೂರುತ್ತಾರೆ.

7. ಆಟ ಮುಗಿದ ಮೇಲೆ ಹಾಗೇ ಬಿಟ್ಟುಬಿಡಬೇಡಿ. ಹೇಗೆ ಬಿಡಿಸಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂದು ಪ್ರತಿ ತಂಡದಿಂದ ಒಂದು ಪುಟ ಬರೆಸಿ. ಕನ್ನಡವೂ ಆದೀತು. ನನ್ನನ್ನು ಕೇಳಿದರೆ ಅರ್ಧ ಅಂಕ ಇದಕ್ಕೇ ಇಡಿ. ಉತ್ತರ ಕದ್ದವರು ಇಲ್ಲಿ ಬಾಯಿ ಬಿಡಲಾರರು.

8. ರುಚಿ ಹತ್ತಿದವರಿಗೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪಿಕೋಸಿಟಿಎಫ್ ತೋರಿಸಿ. ಅಭ್ಯಾಸ ಉಚಿತ. ಅದರ ವೆಬ್‌ಶೆಲ್ ಬ್ರೌಸರ್‌ನಲ್ಲೇ ತೆರೆಯುತ್ತದೆ, ಲಿನಕ್ಸ್ ಹಾಕಿಕೊಳ್ಳುವ ತಾಪತ್ರಯವೂ ಇಲ್ಲ.