ಮೊದಲು ಸೀರಿಯಲ್ ನಂಬರ್ ಬರೆದಿಟ್ಟುಕೋ, ಮಗು

ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಹೊರಟ ಮಕ್ಕಳಿಗೆ ಮನೆಯವರು ಹೇಳುವ ಬುದ್ಧಿಮಾತಿನಲ್ಲಿ ಊಟ ಇರುತ್ತದೆ, ಸಹವಾಸ ಇರುತ್ತದೆ, ರಾತ್ರಿ ಹೊತ್ತು ಮೀರಿ ಓಡಾಡಬೇಡ ಎಂಬುದಿರುತ್ತದೆ. ಬ್ಯಾಗಿನಲ್ಲಿರುವ ಲ್ಯಾಪ್‌ಟಾಪ್ ಬಗ್ಗೆ ಮಾತ್ರ ‘ಜೋಪಾನ’ ಎಂದು ಹೇಳಿ ಸುಮ್ಮನಾಗುತ್ತಾರೆ. ಅದು ಅವರು ಬಳಸದ ಯಂತ್ರ, ಹೆಚ್ಚಿಗೆ ಏನು ಹೇಳಬೇಕೋ ಅವರಿಗೆ ತಿಳಿಯದು. ಆದರೆ ಒಂದು ಬೆಳೆಯ ದುಡ್ಡೋ, ಅಮ್ಮನ ಒಡವೆ ಅಡವಿಟ್ಟು ತಂದ ಸಾಲವೋ ಅದರಲ್ಲಿ ಕೂತಿರುತ್ತದೆ. ಬೆಂಗಳೂರಿನ ಠಾಣೆಗಳಲ್ಲಿ ರೈಟರ್ ಆಗಿದ್ದು ನಿವೃತ್ತನಾದವನು ನಾನು. ದೂರು ಬರೆದುಕೊಳ್ಳುವುದು, ಕೇಸಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಲ್ಯಾಪ್‌ಟಾಪ್ ಕಳೆದುಕೊಂಡು ಎದುರಿಗೆ ನಿಂತ ಮಕ್ಕಳ ಮುಖ ಎಷ್ಟೋ ನೋಡಿದ್ದೇನೆ. ನಿನ್ನ ಮುಖ ಅಲ್ಲಿ ಕಾಣಬಾರದೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಕಳ್ಳ ಬರುವುದು ನಡುರಾತ್ರಿ, ಬೀಗ ಮುರಿದು ಎಂದು ನೀನು ತಿಳಿದಿರಬಹುದು. ಪಿಜಿಗಳಲ್ಲಿ, ಬ್ಯಾಚುಲರ್ ರೂಮುಗಳಲ್ಲಿ ಹಾಗಲ್ಲ. ಅಲ್ಲಿ ಹೆಚ್ಚಾಗಿ ಬೆಳಗಿನ ಹೊತ್ತೇ ಕಳ್ಳನಿಗೆ ಅನುಕೂಲ. ಒಬ್ಬ ಸ್ನಾನಕ್ಕೆ ಹೋಗಿರುತ್ತಾನೆ, ಇನ್ನೊಬ್ಬ ನೈಟ್ ಶಿಫ್ಟ್ ಮುಗಿಸಿ ಬಂದು ಮುಸುಕೆಳೆದು ಮಲಗಿರುತ್ತಾನೆ, ಮೂರನೆಯವನು ಬಾಗಿಲನ್ನು ಸುಮ್ಮನೆ ಎಳೆದುಕೊಂಡು ತಿಂಡಿಗೆ ಇಳಿದಿರುತ್ತಾನೆ. ಒಪ್ಪವಾಗಿ ಬಟ್ಟೆ ತೊಟ್ಟು, ಬೆನ್ನಿಗೆ ಬ್ಯಾಗು ಹಾಕಿಕೊಂಡ ಒಬ್ಬ ಮೆಟ್ಟಿಲು ಹತ್ತಿ ಬರುತ್ತಾನೆ. ಯಾರಾದರೂ ಕೇಳಿದರೆ ‘ರೂಮು ಖಾಲಿ ಇದೆಯಾ ಅಂತ ನೋಡೋಕೆ ಬಂದೆ’ ಎನ್ನುತ್ತಾನೆ. ಕೇಳದಿದ್ದರೆ ಮಂಚದ ಮೇಲಿದ್ದದ್ದನ್ನು ಬ್ಯಾಗಿಗೆ ಹಾಕಿಕೊಂಡು, ಚಾರ್ಜರನ್ನೂ ಸುತ್ತಿಕೊಂಡು, ಬಂದ ಮೆಟ್ಟಿಲನ್ನೇ ಇಳಿದು ಹೋಗುತ್ತಾನೆ. ಅವನೂ ನಿನ್ನ ಹಾಗೆಯೇ ಕಾಣುತ್ತಾನೆ, ಆದ್ದರಿಂದಲೇ ಯಾರಿಗೂ ಅನುಮಾನ ಬರುವುದಿಲ್ಲ.

ಹಾಗಾಗಿ ಐದು ನಿಮಿಷದ ಸ್ನಾನಕ್ಕೆ ಹೋಗುವಾಗಲೂ ಚಿಲಕ ಹಾಕು, ಇಲ್ಲವೇ ಎಚ್ಚರವಿರುವವನಿಗೆ ಹೇಳಿ ಹೋಗು. ರೂಮಿನವರೆಲ್ಲ ಕೂತು ಮೊದಲ ದಿನವೇ ಈ ಮಾತು ಆಡಿಕೊಳ್ಳಿ. ಮೂವರಲ್ಲಿ ಒಬ್ಬ ಮರೆತರೂ ಮೂವರ ಯಂತ್ರವೂ ಹೋಗುತ್ತದೆ. ಬೇಸಿಗೆಯಲ್ಲಿ ಕಿಟಕಿ ತೆರೆದು ಮಲಗುವುದಾದರೆ ಲ್ಯಾಪ್‌ಟಾಪ್ ಕಿಟಕಿಗೆ ಕೈ ಎಟುಕುವಲ್ಲಿ ಇರದಿರಲಿ, ಕೋಲಿನ ತುದಿಗೆ ಕೊಕ್ಕೆ ಕಟ್ಟಿ ಎಳೆಯುವವರಿದ್ದಾರೆ. ಕಪಾಟಿಗೆ ಪಿಜಿಯವರು ಕೊಟ್ಟ ಬೀಗ ಬೇಡ, ಅದರ ಕೀಲಿ ಎಷ್ಟು ಜನರ ಕೈ ದಾಟಿ ಬಂದಿದೆಯೋ ನಿನಗೆ ಗೊತ್ತಿಲ್ಲ. ನಿನ್ನದೇ ಒಂದು ಬೀಗ ಕೊಂಡುಕೋ. ಯಂತ್ರದ ಪಕ್ಕದಲ್ಲಿ ಕೆನ್ಸಿಂಗ್ಟನ್ ಲಾಕಿನ ಸಣ್ಣ ಕಿಂಡಿ ಇದ್ದರೆ ಉಕ್ಕಿನ ಕೇಬಲ್ ತಂದು ಮೇಜಿಗೆ ಬಿಗಿ. ಈಚಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅನೇಕಕ್ಕೆ ಆ ಕಿಂಡಿಯೇ ಇಲ್ಲ. ಇದ್ದರೂ ಕಟ್ಟರ್ ಹಿಡಿದು ಬಂದವನನ್ನು ಅದು ತಡೆಯದು, ಆದರೆ ಎತ್ತಿಕೊಂಡು ನಡೆಯಲು ಬಂದವನನ್ನು ತಡೆಯುತ್ತದೆ. ಪಿಜಿ ಹುಡುಕುವಾಗ ಊಟದ ಮೆನು ಕೇಳುವಂತೆಯೇ ಸಿಸಿಟಿವಿ ಕೆಲಸ ಮಾಡುತ್ತಿದೆಯೇ ಎಂದೂ ಕೇಳು. ಬಾಗಿಲಿನ ಮೇಲೆ ಕ್ಯಾಮೆರಾ ಇದ್ದು ಒಳಗೆ ರೆಕಾರ್ಡಿಂಗೇ ಆಗದಿರುವ ಕಡೆಗಳೂ ಇವೆ. ಪಿಜಿಗಳು ಸಿಸಿಟಿವಿ ಹಾಕಿಸಿ ದೃಶ್ಯಗಳನ್ನು ಉಳಿಸಬೇಕೆಂದು 2024ರಲ್ಲಿ ಬಿಬಿಎಂಪಿ ಮಾರ್ಗಸೂಚಿ ಹೊರಡಿಸಿತ್ತು, ಹಾಗಾಗಿ ಕೇಳಲು ಸಂಕೋಚ ಬೇಡ.

ಪ್ರಯಾಣದ ವಿಷಯ ಚಿಕ್ಕದು. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಬ್ಯಾಗನ್ನು ಡಿಕ್ಕಿಗೂ ಹಾಕಬೇಡ, ತಲೆಯ ಮೇಲಿನ ಕ್ಯಾರಿಯರಿನಲ್ಲೂ ಇಡಬೇಡ. ನಡುರಾತ್ರಿ ಹೋಟೆಲಿನ ಹತ್ತಿರ ನಿಲ್ಲಿಸಿದಾಗ ಹೆಗಲಿಗೆ ಹಾಕಿಕೊಂಡೇ ಇಳಿ. ಕಾರಿನ ಸೀಟಿನ ಮೇಲೆ ಕಾಣುವಂತೆ ಬಿಟ್ಟರೆ ಗಾಜು ಒಡೆಯಲು ಅರೆನಿಮಿಷ ಸಾಕು. ‘ನಿಮ್ಮ ನೋಟು ಬಿದ್ದಿದೆ ನೋಡಿ’ ಎಂದು ಯಾರಾದರೂ ಕಿಟಕಿ ತಟ್ಟಿದರೆ ನೋಟಿನ ಕಡೆ ತಿರುಗಬೇಡ, ಬ್ಯಾಗಿನ ಮೇಲೆ ಕೈಯಿಡು.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ದೂರು ಕೊಡಲು ಬಂದ ಮಕ್ಕಳನ್ನು ಯಾವ ಕಂಪನಿಯದು ಎಂದು ಕೇಳಿದರೆ ಹೇಳುತ್ತಿದ್ದರು. ಬಣ್ಣ ಹೇಳುತ್ತಿದ್ದರು, ಮೇಲೆ ಅಂಟಿಸಿದ ಸ್ಟಿಕ್ಕರ್ ಯಾವುದೆಂದೂ ಹೇಳುತ್ತಿದ್ದರು. ಸೀರಿಯಲ್ ನಂಬರ್ ಏನು ಎಂದ ಕೂಡಲೇ ಮೌನ. ಬಿಲ್ಲು ಊರಲ್ಲಿದೆ, ಡಬ್ಬ ಎಸೆದಾಯಿತು, ಆನ್‌ಲೈನಿನಲ್ಲಿ ಕೊಂಡದ್ದು ಅಣ್ಣನ ಖಾತೆಯಿಂದ. ಮೊಬೈಲ್ ಕಳೆದರೆ ಐಎಂಇಐ ನಂಬರ್ ಹಿಡಿದು ಕೇಂದ್ರ ಸರ್ಕಾರದ ಸಂಚಾರ್ ಸಾಥಿಯಲ್ಲಿ ಬ್ಲಾಕ್ ಮಾಡಿಸಬಹುದು. 2023ರಿಂದ ಆ ಸೌಲಭ್ಯ ದೇಶದ ಎಲ್ಲರಿಗೂ ಇದೆ. ಸಿಮ್ ಹಾಕದ ಸಾಮಾನ್ಯ ಲ್ಯಾಪ್‌ಟಾಪಿಗೆ ಐಎಂಇಐ ಇರುವುದಿಲ್ಲ, ಆದ್ದರಿಂದ ಅದನ್ನು ಹಾಗೆ ಬ್ಲಾಕ್ ಮಾಡುವ ದಾರಿಯೂ ಇಲ್ಲ. ಸಾವಿರಾರು ಬೂದು ಬಣ್ಣದ ಪೆಟ್ಟಿಗೆಗಳ ನಡುವೆ ಇದು ನಿನ್ನದೇ ಎಂದು ಹೇಳಲು ಇರುವುದು ಆ ಸೀರಿಯಲ್ ನಂಬರೊಂದೇ.

ಅದು ಯಾಕೆ ಅಷ್ಟು ಮುಖ್ಯ ಎಂದರೆ, ಕಳ್ಳ ಸಿಕ್ಕಿದಾಗ ಅವನ ಹತ್ತಿರ ಒಂದೇ ಲ್ಯಾಪ್‌ಟಾಪ್ ಸಿಗುವುದಿಲ್ಲ. ಒಟ್ಟಿಗೆ ರಾಶಿ ಸಿಗುತ್ತದೆ. ಪೊಲೀಸರು ಮಹಜರು ಬರೆದು ಮಾಲನ್ನು ವಶಕ್ಕೆ ತೆಗೆದುಕೊಂಡು, ಯಾವುದು ಯಾವ ಕೇಸಿನದು ಎಂದು ಹೊಂದಿಸಲು ಕೂರುತ್ತಾರೆ. ಅಷ್ಟರಲ್ಲಿ ಕಳ್ಳರು ಒಳಗಿನದನ್ನೆಲ್ಲ ಅಳಿಸಿ ಹೊಸ ವಿಂಡೋಸ್ ಹಾಕಿರುತ್ತಾರೆ, ಸ್ಟಿಕ್ಕರ್ ಕಿತ್ತಿರುತ್ತಾರೆ. ನಂಬರ್ ಬರೆದಿರುವ ದೂರು ಇದ್ದರೆ ಕೂಡಲೇ ಹೊಂದುತ್ತದೆ, ಯಂತ್ರದೊಳಗಿನ ಬಯಾಸ್‌ನಲ್ಲಿಯೂ ಆ ನಂಬರ್ ಸಾಮಾನ್ಯವಾಗಿ ಇರುತ್ತದೆ. ನಂಬರಿಲ್ಲದ ದೂರಿನವನ ಮಾಲು ಎದುರಿಗೇ ಇದ್ದರೂ ಅವನದೆಂದು ಹೇಳಲಾಗುವುದಿಲ್ಲ. ಸಿಕ್ಕ ಮಾಲು ಕೈಗೆ ಬರಬೇಕಾದರೆ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ಅಲ್ಲೂ ಬಿಲ್ಲು ಕೇಳುತ್ತಾರೆ. ಸಿಕ್ಕಿಯೂ ವಾರಸುದಾರರಿಲ್ಲದೆ ಠಾಣೆಯಲ್ಲಿ ಧೂಳು ಹಿಡಿಯುವ ಲ್ಯಾಪ್‌ಟಾಪ್ ನೋಡಿದಾಗಲೆಲ್ಲ ನನಗೆ ಅದರ ಸಾಲದ ಕಂತು ಕಟ್ಟುತ್ತಿರುವ ಯಾವುದೋ ಅಪ್ಪನ ನೆನಪಾಗುತ್ತಿತ್ತು. ಸರ್ಕಾರ ಉಚಿತವಾಗಿ ಕೊಟ್ಟ ಲ್ಯಾಪ್‌ಟಾಪ್ ಆದರೂ ಸರಿ, ಪಡೆದುಕೊಂಡ ಕಾಗದ ಇಟ್ಟುಕೋ. ನಂಬರ್ ಯಂತ್ರದ ತಳದಲ್ಲಿರುತ್ತದೆ, ಡಬ್ಬದ ಮೇಲಿರುತ್ತದೆ, ಬಹಳಷ್ಟು ಬಿಲ್ಲುಗಳಲ್ಲೂ ಇರುತ್ತದೆ. ಫೋಟೋ ತೆಗೆದು ಆ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡರೆ ಪ್ರಯೋಜನವಿಲ್ಲ, ಇಮೇಲಿನಲ್ಲಿ ಇಡು, ಮನೆಯವರ ಫೋನಿನಲ್ಲೂ ಇರಲಿ.

ಯಂತ್ರದೊಳಗಿರುವುದರ ಮಾತು ಬೇರೆ. ‘ಪಾಸ್‌ವರ್ಡ್ ಹಾಕಿದ್ದೇನೆ, ಯಾರೂ ತೆರೆಯಲಾರರು’ ಎಂದು ನೀನು ನಂಬಿಕೊಂಡಿದ್ದರೆ ಆ ನಂಬಿಕೆ ಬಿಡು. ಬರೀ ಲಾಗಿನ್ ಪಾಸ್‌ವರ್ಡ್ ಇರುವುದು ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಫೋಟೋ, ಮಾರ್ಕ್ಸ್‌ಕಾರ್ಡ್, ಆಧಾರ್ ಪ್ರತಿ, ಅಪ್ಪನ ಪಾನ್ ಎಲ್ಲವೂ ಕಾಣುತ್ತವೆ. ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿದ್ದರೆ ಮಾತ್ರ ಅದು ಕಳ್ಳನಿಗೆ ಅರ್ಥವಿಲ್ಲದ ಅಕ್ಷರರಾಶಿ. ವಿಂಡೋಸ್ ಪ್ರೊದಲ್ಲಿ ಬಿಟ್‌ಲಾಕರ್ ಇದೆ, ಹೋಮ್ ಆವೃತ್ತಿಯಲ್ಲಿ ಅನೇಕ ಯಂತ್ರಗಳಿಗೆ ಡಿವೈಸ್ ಎನ್‌ಕ್ರಿಪ್ಶನ್ ಎಂಬುದಿದೆ. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಇದೆ, ಲಿನಕ್ಸ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗಲೇ ಕೇಳುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಆಗಿದೆಯೇ ನೋಡು. ಬಿಟ್‌ಲಾಕರಿನ 48 ಅಂಕಿಗಳ ರಿಕವರಿ ಕೀಲಿಯನ್ನು ತಪ್ಪದೆ ಬೇರೆಡೆ ಬರೆದಿಡು, ಅದು ಕಳೆದರೆ ನಿನ್ನ ಯಂತ್ರ ನಿನಗೂ ತೆರೆಯದೆ ಹೋಗಬಹುದು.

ಎನ್‌ಕ್ರಿಪ್ಟ್ ಮಾಡದಿದ್ದರೆ ಏನಾಗಬಹುದು ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. 2006ರ ಮೇ ತಿಂಗಳಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಮಾಜಿ ಸೈನಿಕರ ಇಲಾಖೆಯ ನೌಕರನೊಬ್ಬನ ಮನೆಯಿಂದ ಲ್ಯಾಪ್‌ಟಾಪ್ ಮತ್ತು ಹಾರ್ಡ್‌ಡಿಸ್ಕ್ ಕಳುವಾಯಿತು. ಅವುಗಳಲ್ಲಿ ಸುಮಾರು 2 ಕೋಟಿ 65 ಲಕ್ಷ ಜನರ ವಿವರ ಎನ್‌ಕ್ರಿಪ್ಟ್ ಆಗದೆ ಇತ್ತು. ಮುಂದಿನ ತಿಂಗಳು ಯಂತ್ರ ಸಿಕ್ಕಿತು, ಯಾರೂ ಮಾಹಿತಿ ತೆರೆದು ನೋಡಿದಂತಿಲ್ಲ ಎಂದು ಎಫ್‌ಬಿಐ ಹೇಳಿತು. ಅಷ್ಟಾದರೂ ಸರ್ಕಾರ 2009ರಲ್ಲಿ 2 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. ನೀನು ಮನೆಯಿಂದಲೇ ಕಂಪನಿ ಕೆಲಸ ಮಾಡುವವನಾದರೆ ಈ ಪ್ರಸಂಗ ನಿನಗೆ ದೂರದ್ದಲ್ಲ. ಆಫೀಸಿನ ಲ್ಯಾಪ್‌ಟಾಪ್ ಹೋದರೆ ಹೆದರಿ ಎರಡು ದಿನ ಮುಚ್ಚಿಡಬೇಡ, ಆ ಗಂಟೆಯಲ್ಲೇ ಐಟಿ ವಿಭಾಗಕ್ಕೆ ತಿಳಿಸು.

ಪ್ರಾಜೆಕ್ಟು, ಪ್ರಬಂಧ, ಬರೆದಿಟ್ಟ ಕೋಡು ಇವುಗಳಿಗೆ ಇನ್ನೊಂದು ಪ್ರತಿ ಇರಲೇಬೇಕು. ಠಾಣೆಯ ಬೆಂಚಿನ ಮೇಲೆ ಅಳುತ್ತಿದ್ದವರು ಯಂತ್ರಕ್ಕಾಗಿ ಅತ್ತದ್ದಕ್ಕಿಂತ ಕೊನೆಯ ಸೆಮಿಸ್ಟರಿನ ಕೆಲಸಕ್ಕಾಗಿ, ತೀರಿಕೊಂಡ ಅಜ್ಜಿಯ ವಿಡಿಯೋಗಾಗಿ ಅತ್ತದ್ದು ಹೆಚ್ಚು. ಗೂಗಲ್ ಖಾತೆಯಲ್ಲಿ 15 ಜಿಬಿ ಪುಕ್ಕಟೆ ಸಿಗುತ್ತದೆ, ಬರವಣಿಗೆಗೆ ಅದು ಧಾರಾಳ. ದೊಡ್ಡ ಫೈಲುಗಳಿಗೆ ಹಾರ್ಡ್‌ಡಿಸ್ಕ್ ಕೊಂಡರೆ ಅದನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಡಬೇಡ, ಎರಡೂ ಒಟ್ಟಿಗೆ ಹೋಗುತ್ತವೆ.

ಇಷ್ಟಾಗಿಯೂ ಹೋದರೆ? ಗೆಳೆಯನ ಫೋನಿನಿಂದ ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದಲೂ ಲಾಗ್ಔಟ್ ಮಾಡು, ಆಮೇಲೆ ಬ್ಯಾಂಕಿನದು. ವಿಂಡೋಸ್‌ನ ‘ಫೈಂಡ್ ಮೈ ಡಿವೈಸ್’, ಆ್ಯಪಲ್‌ನ ‘ಫೈಂಡ್ ಮೈ’ ಮೊದಲೇ ಆನ್ ಮಾಡಿಟ್ಟಿದ್ದರೆ ಯಂತ್ರ ಇರುವ ಜಾಗ ಕಾಣಬಹುದು. ಕಂಡಿತೆಂದು ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ಆ ಜಾಗಕ್ಕೆ ನುಗ್ಗಬೇಡ. ಮ್ಯಾಪಿನ ಚುಕ್ಕೆ ಪಕ್ಕದ ಮನೆಯನ್ನೂ ತೋರಿಸೀತು, ಒಳಗಿರುವವನ ಕೈಯಲ್ಲಿ ಏನಿದೆಯೋ ನಿನಗೆ ತಿಳಿಯದು. ಆ ಮಾಹಿತಿ ಪೊಲೀಸರಿಗೆ ಕೊಡು, 112ಕ್ಕೆ ಕರೆ ಮಾಡು.

ಠಾಣೆಯಲ್ಲಿ ‘ಕಳೆದುಹೋಗಿದೆ’ ಎಂದು ಬರೆದುಕೊಡು ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡ. ಪೊಲೀಸ್ ಆ್ಯಪ್‌ನಲ್ಲಿ ಪಡೆಯುವ ಇ-ಲಾಸ್ಟ್ ರಸೀದಿ ಕಳೆದುಹೋದ ವಸ್ತುವಿಗೆ, ಕಳುವಾದದ್ದಕ್ಕಲ್ಲ. ಕಳುವಾದದ್ದಕ್ಕೆ ಎಫ್‌ಐಆರ್ ಆಗಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಕಳವಿಗೆ, 305ನೇ ಕಲಂ ವಾಸದ ಮನೆಯೊಳಗಿನ ಕಳವಿಗೆ. ಎರಡನೆಯದಕ್ಕೆ ಏಳು ವರ್ಷದವರೆಗೂ ಸಜೆ ಇದೆ. ಬಸ್ಸಿನಲ್ಲಿ ಎಲ್ಲಿ ಹೋಯಿತೆಂದು ಗೊತ್ತಾಗದಿದ್ದರೂ ಯಾವ ಠಾಣೆಯಲ್ಲಾದರೂ ಜೀರೋ ಎಫ್‌ಐಆರ್ ಮಾಡಿಸಬಹುದು. ದೂರನ್ನು ಇಮೇಲಿನಂಥ ವಿದ್ಯುನ್ಮಾನ ರೂಪದಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ದೂರನ್ನೇ ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಎಸ್‌ಪಿಗೆ, ಬೆಂಗಳೂರಿನಲ್ಲಾದರೆ ಡಿಸಿಪಿಗೆ ಬರೆ. ಖಾಕಿ ತೊಟ್ಟು ದುಡಿದವನಾಗಿಯೇ ಇದನ್ನು ಹೇಳುತ್ತಿದ್ದೇನೆ: ಮರ್ಯಾದೆಯಿಂದ ಮಾತಾಡು, ಆದರೆ ಎಫ್‌ಐಆರ್ ಪ್ರತಿ ಇಲ್ಲದೆ ಠಾಣೆ ಬಿಟ್ಟು ಬರಬೇಡ. ವಿಮೆಯವರೂ ಅದನ್ನೇ ಕೇಳುತ್ತಾರೆ. ಹಲವು ಪಾಲಿಸಿಗಳು ಬಾಗಿಲು ಒಡೆದ ಗುರುತನ್ನೂ ಕೇಳುತ್ತವೆ, ತೆರೆದ ಬಾಗಿಲಿನಿಂದ ಹೋದದ್ದಕ್ಕೆ ದುಡ್ಡು ಸಿಗದೆ ಇರಬಹುದು.

ಕೊನೆಗೆ, ಹಳೆಯ ಲ್ಯಾಪ್‌ಟಾಪ್ ಕೊಳ್ಳುವಾಗಲೂ ಬಿಲ್ಲು ಕೇಳು. ಅರವತ್ತು ಸಾವಿರದ್ದನ್ನು ಹದಿನೈದಕ್ಕೆ, ಚಾರ್ಜರ್ ಇಲ್ಲದೆ, ಬಿಲ್ಲಿಲ್ಲದೆ ಯಾರಾದರೂ ಕೊಟ್ಟರೆ ಅದು ನಿನ್ನಂಥದೇ ಒಂದು ಮಗುವಿನ ರೂಮಿನಿಂದ ಬಂದಿರುವ ಸಂಭವವೇ ಹೆಚ್ಚು. ಕದ್ದ ಮಾಲೆಂದು ನಂಬಲು ಕಾರಣವಿದ್ದೂ ಕೊಂಡವನಿಗೆ ಅದೇ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಮೂರು ವರ್ಷದವರೆಗೂ ಸಜೆಯಾಗಬಹುದು. ಕೊಳ್ಳುವ ಕೈ ಇರುವವರೆಗೂ ಕದಿಯುವ ಕೈ ನಿಲ್ಲುವುದಿಲ್ಲ.

ಇಷ್ಟನ್ನೂ ಒಂದೇ ದಿನ ಮಾಡಲಾಗದು ಎನಿಸಿದರೆ ಒಂದನ್ನಾದರೂ ಈಗಲೇ ಮಾಡು. ಲ್ಯಾಪ್‌ಟಾಪ್ ಮಗುಚಿ ಹಾಕಿ, ತಳದಲ್ಲಿರುವ ಆ ನಂಬರಿನ ಫೋಟೋ ತೆಗೆದು ಅಪ್ಪನಿಗೋ ಅಕ್ಕನಿಗೋ ಕಳಿಸು.